ಲುವಾಜ್ ಮೊಂಜಿಯ ಮೂಗು

ನಾಬುಲ್ ಊರಿನಲ್ಲಿ ಲುವಾಜ್, ಅಂದರೆ ಊರಿಂದೂರಿಗೆ ಜನ ತುಂಬಿಕೊಂಡು ಓಡುವ ಬಾಡಿಗೆ ಕಾರುಗಳ ನಿಲ್ದಾಣದಲ್ಲಿ ಮೊಂಜಿಯ ಮೂಗಿಗೆ ಇದ್ದ ಮರ್ಯಾದೆ ಮೊಂಜಿಗೇ ಇರಲಿಲ್ಲ. ಮನುಷ್ಯ ಕುಳ್ಳ, ಮಾತು ಕಡಿಮೆ, ಒಂದು ಲೋಟ ಚಹಾ ಮುಗಿಸುವಷ್ಟರಲ್ಲಿ ಉಳಿದವರು ಒಂದು ಟ್ರಿಪ್ಪು ಹೊಡೆದು ಬಂದಿರುತ್ತಿದ್ದರು. ಆದರೆ ಸಾಲಿನಲ್ಲಿ ನಿಂತ ಬಾಡಿಗೆ ಕಾರುಗಳಲ್ಲಿ ಯಾವುದಾದರೂ ಮುನಿಸಿಕೊಂಡರೆ ಮೆಕ್ಯಾನಿಕ್ಕನಿಗಿಂತ ಮೊದಲು ಮೊಂಜಿಗೆ ಕರೆ ಹೋಗುತ್ತಿತ್ತು. ಅವನು ನಿಧಾನವಾಗಿ ಬಂದು, ಬಾನೆಟ್ಟನ್ನು ಎತ್ತದೆ, ಅದರ ಮೇಲೆ ಬಗ್ಗಿ ಒಮ್ಮೆ ಮೂಸಿ "ಬೆಲ್ಟು" ಎನ್ನುತ್ತಿದ್ದ. ಇಲ್ಲವೇ "ಆಯಿಲ್ ಸೋರಿ ಬಿಸಿ ಕೊಳವೆ ಮೇಲೆ ಬೀಳ್ತಿದೆ" ಎನ್ನುತ್ತಿದ್ದ. ಮತ್ತೆ ತನ್ನ ಚಹಾಕ್ಕೆ ವಾಪಸು.

ಈ ವಿದ್ಯೆಯನ್ನು ಅವನಿಗೆ ಕಲಿಸಿದವನು ತೀರಿಹೋದ ಒಬ್ಬ ಹಳೆಯ ಡ್ರೈವರು. ಕಾರು ಬಾಯಿಬಿಟ್ಟು ಹೇಳುವುದಿಲ್ಲ, ಬೆವರುತ್ತದೆ ಅಷ್ಟೇ, ಬೆವರಿನ ವಾಸನೆ ಹಿಡಿ ಎಂದು ಅವನು ಹೇಳುತ್ತಿದ್ದನಂತೆ. ಸಿಹಿ ಸುಟ್ಟ ಹಾಗಿದ್ದರೆ ರೇಡಿಯೇಟರಿನ ನೀರು. ಕಾಗದ ಸುಟ್ಟ ಹಾಗಿದ್ದರೆ ಕ್ಲಚ್ಚು. ಕೊಳೆತ ಮೊಟ್ಟೆಯಾದರೆ ಬ್ಯಾಟರಿ. ಇವೆಲ್ಲಕ್ಕೂ ನಿಲ್ಲಿಸಿ, ಉಸಿರು ತೆಗೆದುಕೊಂಡು, ಯೋಚನೆ ಮಾಡಬಹುದು. ಮೀನು ಸುಟ್ಟ ಹಾಗೆ ಬಂತೋ, ಅದು ವೈರು. ಆಗ ಯೋಚನೆ ಮಾಡುತ್ತ ಕೂರಬೇಡ, ಜನರನ್ನು ಇಳಿಸಿ ದೂರ ಓಡಿಸು. ಮೊಂಜಿ ಇದನ್ನು ತನ್ನ ನಮಾಜಿನಷ್ಟೇ ನಿಷ್ಠೆಯಿಂದ ಕಲಿತಿದ್ದ.

ಅವನ ಮದುವೆಯೂ ಮೂಗಿನಿಂದಲೇ ಆದದ್ದು. ಮೊದಲ ಹೆಂಡತಿ ತೀರಿಕೊಂಡು, ಮಕ್ಕಳಿಲ್ಲದೆ, ಐವತ್ತರ ಹತ್ತಿರ ಬಂದ ಮನುಷ್ಯ. ಅಂಥವನ ಕಾರಿನಲ್ಲಿ ಒಂದು ವಸಂತದಲ್ಲಿ ಬಹೀಜಾ ಎಂಬ ವಿಧವೆ ಕೈರುವಾನಿಗೆ ಹೊರಟಿದ್ದಳು. ತೊಡೆಯ ಮೇಲೆ ಬುಟ್ಟಿ, ಬುಟ್ಟಿಯಲ್ಲಿ ಅವಳೇ ಭಟ್ಟಿ ಇಳಿಸಿದ ಕಿತ್ತಳೆಹೂವಿನ ನೀರಿನ ಸೀಸೆಗಳು. ಒಂದು ಸೀಸೆಯ ಬಿರಡೆ ಸಡಿಲವಾಗಿ ಕಾರೆಲ್ಲ ಘಮ್ಮೆಂದಿತು. ಹಿಂದೆ ಕೂತವರು ಆಹಾ ಎಂದರು, ಮಾಷಾಅಲ್ಲಾಹ್ ಎಂದರು. ಮೊಂಜಿ ಮಾತ್ರ ಕನ್ನಡಿಯಲ್ಲಿ ಅವಳನ್ನು ನೋಡಿ, ದೊಡ್ಡ ಹೆಂಗಸರನ್ನು ಕರೆಯುವ ಮರ್ಯಾದೆಯಲ್ಲೇ ಕೇಳಿದ:

"ಲಲ್ಲಾ, ಈ ಸಲ ಭಟ್ಟಿ ತಳ ಹಿಡೀತು, ಅಲ್ವಾ?"

ಬಹೀಜಾಳಿಗೆ ನಖಶಿಖಾಂತ ಉರಿದುಹೋಯಿತು. ಅವಳ ಹೂನೀರಿಗೆ ಊರಿನಲ್ಲಿ ಹೆಸರಿತ್ತು. ಕೈರುವಾನಿನವರೆಗೆ ಅವಳು ಬಾಯಿ ಬಿಡಲಿಲ್ಲ. ಇಳಿದ ಮೇಲೆ ಹೋಗದೆ ಕಿಟಕಿಯ ಹತ್ತಿರ ನಿಂತು, ಬೆಂಕಿ ಒಂದು ಗಳಿಗೆ ಜಾಸ್ತಿಯಾಗಿತ್ತೆಂದೂ ಅದು ತನ್ನ ಮಗಳಿಗೂ ಗೊತ್ತಾಗಿರಲಿಲ್ಲವೆಂದೂ ಒಪ್ಪಿಕೊಂಡಳು. ಅವತ್ತು ವಾಪಸು ಬರುವಾಗ ಸಾಲಿನಲ್ಲಿ ಮುಂದೆ ಬೇರೆ ಕಾರುಗಳಿದ್ದರೂ ಮೊಂಜಿಯ ಸರದಿ ಬರುವವರೆಗೆ ಬಿಸಿಲಿನಲ್ಲಿ ಕಾದಳು. ಮುಂದಿನ ಹೂವಿನ ಕಾಲಕ್ಕೆ ನಿಕಾಹ್ ಆಯಿತು. ಈ ವಯಸ್ಸಿನಲ್ಲಿ ಮದುವೆ ಯಾಕೆ ಎಂದು ಕೇಳಿದ ನೆರೆಹೊರೆಯವರಿಗೆಲ್ಲ ಅವಳದು ಒಂದೇ ಉತ್ತರ. ನನ್ನ ಸುಳ್ಳನ್ನು ಮೂಸಿ ಹಿಡಿಯುವ ಗಂಡಸು ಇವನೊಬ್ಬನೇ, ಹೊರಗೆ ಬಿಟ್ಟರೆ ಅಪಾಯ, ಅದಕ್ಕೇ ಮನೆಯೊಳಗೆ ಕಟ್ಟಿಹಾಕಿಕೊಂಡೆ.

ಅಂಥ ಮೂಗು ಕಳೆದ ಚಳಿಗಾಲದಲ್ಲಿ ಹೋಯಿತು. ಜ್ವರ ಬಂತು, ವಾರ ಮಲಗಿಸಿತು, ಬಿಟ್ಟುಹೋಗುವಾಗ ಮೂಗನ್ನೂ ಕಟ್ಟಿಕೊಂಡು ಹೋಯಿತು. ಮೊದಲಿಗೆ ಮೊಂಜಿ ಶೀತವೆಂದುಕೊಂಡ. ಶೀತ ಇಳಿಯಿತು, ಒಲೆಯಿಂದ ತೆಗೆದ ರೊಟ್ಟಿಗೆ ಮಾತ್ರ ವಾಸನೆ ಬರಲಿಲ್ಲ. ಪೆಟ್ರೋಲ್ ಬಂಕಿನಲ್ಲಿ ಪೆಟ್ರೋಲು ನೀರಿನ ಹಾಗಿತ್ತು. ಯಾರಿಗೂ ಹೇಳದೆ ತೂನಿಸ್ ಪಟ್ಟಣಕ್ಕೆ ಹೋಗಿ ಡಾಕ್ಟರಿಗೆ ತೋರಿಸಿದ. ಬಂದರೂ ಬರಬಹುದು, ಬರದಿದ್ದರೂ ಇಲ್ಲ, ಇದಕ್ಕೆ ಔಷಧಿಯಿಲ್ಲ ಎಂದರು.

ಅಂದಿನಿಂದ ಅವನು ಮುಂದಿನ ಸೀಟಿಗೆ ಆಳು ಆರಿಸತೊಡಗಿದ. ಸಿಗರೇಟಿನವರು ಹಿಂದಕ್ಕೆ, ಸೆಂಟು ಬಳಿದುಕೊಂಡವರು ಇನ್ನೂ ಹಿಂದಕ್ಕೆ. ಹಜ್ ಮಾಡಿ ಬಂದ ಮುದುಕಿಯರು ಸಿಕ್ಕರೆ ಕೈಹಿಡಿದು ಮುಂದೆ ಕೂರಿಸುತ್ತಿದ್ದ. ದಾರಿಯಲ್ಲಿ ಏನೂ ಅರಿಯದವನ ಹಾಗೆ, ನನಗೆ ಶೀತ, ನಿಮಗೇನಾದರೂ ವಾಸನೆ ಬರುತ್ತಿದೆಯಾ ಹಾಜ್ಜಾ ಎಂದು ಕೇಳುತ್ತಿದ್ದ. ಒಬ್ಬ ಹಾಜ್ಜಾ, ಬರುತ್ತಿದೆ ಮಗನೇ, ನೀನು ಮಧ್ಯಾಹ್ನ ತಿಂದ ಈರುಳ್ಳಿಯದು ಎಂದು ಕಾರಿನವರನ್ನೆಲ್ಲ ನಗಿಸಿದ್ದಳು. ಚಳಿಗಾಲ ಇರುವವರೆಗೆ ಈ ನಾಟಕ ನಡೆಯಿತು. ಏಪ್ರಿಲ್ ಬಂದು ಇಡೀ ನಾಬುಲ್ ಹೂವಿನಲ್ಲಿ ಮುಳುಗಿದ ಮೇಲೆ ಶೀತ ಎಂದರೆ ನಂಬುವವರು ಯಾರು?

ನಿಲ್ದಾಣದವರಿಗೆ ಹೇಳುವುದು ಕಷ್ಟವೇ. ಆದರೆ ಅವನ ಗಂಟಲಿಗೆ ಸಿಕ್ಕಿಕೊಂಡದ್ದು ಅದಲ್ಲ. ಬಹೀಜಾಳಿಗೆ ಹೇಗೆ ಹೇಳುವುದು? ತನ್ನಲ್ಲಿ ಅವಳು ಮೆಚ್ಚಿಕೊಂಡಿದ್ದೇ ಒಂದು. ಕುಳ್ಳ ಕಾಲುಗಳನ್ನು ನೋಡಿ ಅವಳು ಬಿಸಿಲಿನಲ್ಲಿ ಕಾದಿರಲಿಲ್ಲ. ಆ ಒಂದೂ ಹೋಯಿತೆಂದರೆ ಅವಳ ಪಾಲಿಗೆ ಉಳಿಯುವುದು ಗೊರಕೆ ಹೊಡೆಯುವ ಒಬ್ಬ ಮುದಿ ಡ್ರೈವರು. ಹೀಗೆ ಯೋಚಿಸಿ ಯೋಚಿಸಿ ಅವನು ಬಾಯಿಗೆ ಬೀಗ ಹಾಕಿಕೊಂಡ. ಮೂರ್ಖತನವೇ. ಗಂಡಸರು ಇಂಥ ಲೆಕ್ಕಾಚಾರವನ್ನು ಒಬ್ಬರೇ ಕೂತು ಮಾಡುತ್ತಾರೆ, ಯಾವಾಗಲೂ ತಪ್ಪು ಮಾಡುತ್ತಾರೆ.

ಮನೆಯಲ್ಲಿ ಪ್ರತಿ ವರ್ಷ ಒಂದು ಪದ್ಧತಿಯಿತ್ತು. ಆ ವರ್ಷದ ಹೂವಿನಿಂದ ಇಳಿದ ಮೊದಲ ಹನಿಗಳನ್ನು ಬಹೀಜಾ ಗಂಡನ ಕಾಫಿಗೆ ಹಾಕಿ ತರುತ್ತಿದ್ದಳು. ಅವನು ಮೂಸಿ, ಕಣ್ಣುಮುಚ್ಚಿ, ಇಂಥ ಕಡೆಯ ತೋಟದ ಹೂವು, ಇಬ್ಬನಿ ಆರುವ ಮೊದಲೇ ಕೊಯ್ದದ್ದು ಎಂದೆಲ್ಲ ಹೇಳಬೇಕು, ಅವಳು ತಲೆಯಾಡಿಸಬೇಕು. ಈ ವರ್ಷವೂ ಕಾಫಿ ಬಂತು. ಅವನು ಬಟ್ಟಲನ್ನು ಮೂಗಿನ ಹತ್ತಿರ ಹಿಡಿದು, ಬರೀ ಆವಿಯ ಬಿಸಿಯನ್ನು ಉಸಿರಾಡಿ, ಚೆನ್ನಾಗಿದೆ ಎಂದ. ಅವಳು ಅವನನ್ನೇ ನೋಡಿ ಚೆನ್ನಾಗಿದೆಯಾ ಎಂದಳು. ತುಂಬಾ ಚೆನ್ನಾಗಿದೆ ಎಂದ. ಅವಳು ಬಟ್ಟಲನ್ನು ಒಳಗೆ ತೆಗೆದುಕೊಂಡು ಹೋದಳು. ಅವತ್ತಿನಿಂದ ಮನೆಯಲ್ಲಿ ಮಾತು ಲೆಕ್ಕಕ್ಕೆ ತಕ್ಕಷ್ಟೇ ಆಯಿತು. ಮೊಂಜಿಗೆ ಕಾರಣ ಹೊಳೆಯಲಿಲ್ಲ, ಕೇಳುವ ಧೈರ್ಯವೂ ಇರಲಿಲ್ಲ.

ಅಷ್ಟರಲ್ಲಿ ಕಿರಾಣಿ ಅಂಗಡಿಯ ಫೋನಿಗೆ ಸುದ್ದಿ ಬಂತು. ಮಕ್ತಾರಿಗೆ ಮದುವೆಯಾಗಿ ಹೋಗಿದ್ದ ಬಹೀಜಾಳ ಮಗಳು ಸಿಹೇಮಳಿಗೆ ಹೆಣ್ಣುಮಗು. ಬಹೀಜಾ ಎಳ್ಳು ಹುರಿದು, ಬೀಸಿ, ಜೇನು ಬೆಣ್ಣೆ ಹಾಕಿ ಬಾಣಂತಿಯ ಮನೆಗೆ ಬೇಕಾದ ಜ್ರೀರ್ ಮಾಡಿ ಡಬ್ಬಿ ತುಂಬಿದಳು. ಹೂನೀರಿನ ಸೀಸೆಗಳಿಗೆ ಬಟ್ಟೆ ಸುತ್ತಿದಳು. ಮೊಂಜಿ ಹಿಂದಿನ ಸಂಜೆಯೇ ಆಯಿಲ್ಲು ನೀರು ನೋಡಿ, ಟೈರು ಒದ್ದು, ಕಾರು ತೊಳೆದಿಟ್ಟ. ಬೆಳಗಿನ ನಮಾಜು ಮುಗಿಸಿ ಮಸೀದಿಯಿಂದ ಬಂದಾಗ ಬಹೀಜಾ ಕಾರಿನ ಪಕ್ಕದಲ್ಲಿ ಏದುಸಿರು ಬಿಡುತ್ತ ನಿಂತಿದ್ದಳು. ಅವಳ ಬೆನ್ನಿಗೆಲ್ಲ ಮಣ್ಣು ಮೆತ್ತಿತ್ತು. ಕೇಳಿದರೆ ಅಂಗಳದಲ್ಲಿ ಜಾರಿದೆ ಎಂದಳು. ಅವನು ಬೆನ್ನು ಕೊಡವಲು ಹೋದಾಗ, ನಾನೇ ಕೊಡವಿಕೊಳ್ಳುತ್ತೇನೆ ಎಂದು ಒಳಗೆ ನಡೆದಳು.

ಎಂಟು ಜನ ತುರುಕಿಕೊಂಡು ಓಡುವ ಕಾರಿನಲ್ಲಿ ಇಬ್ಬರೇ. ಹಿಂದಿನ ಸೀಟುಗಳ ಖಾಲಿತನವೇ ಒಂದು ಸದ್ದಿನ ಹಾಗಿತ್ತು. ಜಗುವಾನ್ ದಾಟುವವರೆಗೆ ಅವಳು ಮಗುವಿಗೆ ತಂದ ಬಟ್ಟೆಯ ವಿಷಯ ಒಂದೆರಡು ಮಾತಾಡಿದಳು, ಅವನು ಹೂಂ ಎಂದ. ಫಹ್ಸ್ ದಾಟಿದ ಮೇಲೆ ರಸ್ತೆಯ ಎರಡೂ ಕಡೆ ಹಸಿರು ಗೋಧಿ, ಕಣ್ಣು ಹಾಯುವವರೆಗೂ ಮನೆಯಿಲ್ಲ, ಹೊಗೆಯಿಲ್ಲ. ಅಲ್ಲಿ ಬಹೀಜಾ ತಲೆಯೆತ್ತಿ ಕೂತಳು.

"ಯಾರೋ ಸಕ್ಕರೆ ಪಾಕ ಸೀಯಿಸ್ತಿದ್ದಾರೆ."

ಮೊಂಜಿ ಕಾರಿನ ವೇಗ ತಗ್ಗಿಸಿದ. ಡಿಕ್ಕಿಯಲ್ಲಿ ಜ್ರೀರ್ ಡಬ್ಬಿ ಚೆಲ್ಲಿರಬೇಕು ಎಂದು ಹೇಳಿ ನೋಡಿದ. ಬೇಕೆಂದೇ ಹೇಳಿದ, ಅವಳು ಇನ್ನಷ್ಟು ಬಿಡಿಸಿ ಹೇಳಲಿ ಎಂದು.

"ನನ್ನ ಜ್ರೀರ್ ವಾಸನೆ ನಂಗೆ ಗೊತ್ತಾಗಲ್ವಾ? ಇದು ಸಿಹಿ, ಆದ್ರೆ ತಿನ್ನೋ ಸಿಹಿ ಅಲ್ಲ. ಗಂಟ್ಲಲ್ಲಿ ಕೂರುತ್ತೆ."

ಚಳಿಗಾಲವಿಡೀ ಅವನು ಮುಂದೆ ಕೂರಿಸಿದ ಯಾವ ಹಾಜ್ಜಾಳೂ ಇಷ್ಟು ನಿಖರವಾಗಿ ಹೇಳಿರಲಿಲ್ಲ. ಮೀಟರಿನಲ್ಲಿ ಶಾಖದ ಮುಳ್ಳು ಆಗತಾನೇ ಏಳುತ್ತಿತ್ತು. ಅವನು ನೀಲಗಿರಿ ಮರಗಳ ನೆರಳಿಗೆ ಕಾರು ಇಳಿಸಿ, ತಣ್ಣಗಾಗುವವರೆಗೆ ಕಾದು, ಬಾನೆಟ್ಟು ಎತ್ತಿದ. ರೇಡಿಯೇಟರಿನ ಹೋಸ್ ಪೈಪಿನ ಹಿಡಿಪಟ್ಟಿ ಸಡಿಲವಾಗಿ ಹಸಿರು ದ್ರಾವಣ ಎಂಜಿನ್ನಿನ ಮೇಲೆ ಹನಿದು ಅಲ್ಲೇ ಸೀದು ಅಂಟಿತ್ತು. ಸ್ಕ್ರೂಡ್ರೈವರಿನಿಂದ ಪಟ್ಟಿ ಬಿಗಿ ಮಾಡಿ ನೀರು ತುಂಬಿದ. ಕೆಲಸ ಸಣ್ಣದು. ಗೊತ್ತಾಗದೆ ಬೆಟ್ಟ ಹತ್ತಿದ್ದರೆ ಎಂಜಿನ್ನು ಕೈಕೊಡುತ್ತಿತ್ತು.

ಅವನು ಬಂದು ಕೂತಾಗ ಬಹೀಜಾ ಅವನ ಕಡೆ ತಿರುಗಿದಳು. ನಾನು ಹೇಳುವವರೆಗೂ ನಿಮಗೆ ಗೊತ್ತಾಗಲಿಲ್ಲವಾ ಎಂದು ಕೇಳಿದಳು. ಹೇಳಿಬಿಡಲು ಅದಕ್ಕಿಂತ ಒಳ್ಳೆಯ ಗಳಿಗೆ ಇರಲಿಲ್ಲ. ಮಾತು ನಾಲಿಗೆಯ ತುದಿಗೂ ಬಂತು. ಅಲ್ಲಿಂದ ಹೊರಬಿದ್ದದ್ದು ಬೇರೆ.

"ಗೊತ್ತಾಗಿತ್ತು. ನೀನು ಹಿಡೀತೀಯಾ ಅಂತ ನೋಡ್ತಿದ್ದೆ."

"ಓಹೋ, ಪರೀಕ್ಷೆ," ಎಂದು ಅವಳು ಕಿಟಕಿಯ ಕಡೆ ತಿರುಗಿದಳು. ಸಿಲಿಯಾನ ಬರುವವರೆಗೆ ಅವಳ ಮುಖ ಅತ್ತಲೇ ಇತ್ತು. ಮೊಂಜಿಗೆ ತನ್ನ ಮೇಲೆಯೇ ಅಸಹ್ಯವಾಯಿತು.

ಸಿಲಿಯಾನದಲ್ಲಿ ಕಾರು ನಿಲ್ಲಿಸಿ ರೊಟ್ಟಿ, ಹರೀಸಾ ಚಟ್ನಿ, ಆಲಿವ್ ತಿಂದರು. ಅವನ ಬಾಯಿಗೆ ಖಾರ ತಿಳಿಯಿತು, ಉಪ್ಪು ತಿಳಿಯಿತು, ಬೇರೇನೂ ಇಲ್ಲ. ಅವಳು ಹೇಗಿದೆ ಎಂದು ಕೇಳಲಿಲ್ಲ. ಒಂದು ಕಾಲದಲ್ಲಿ ಅವಳು ಕೇಳದೆಯೇ ಇವನು ಹೇಳುತ್ತಿದ್ದ.

ಅಲ್ಲಿಂದ ಮುಂದೆ ರಸ್ತೆ ಏರುತ್ತ ಹೋಗುತ್ತದೆ. ಮಳೆಗಾಲದ ಗುಂಡಿಗಳನ್ನು ಆ ವರ್ಷ ಯಾರೂ ಮುಚ್ಚಿರಲಿಲ್ಲ. ಕಾರು ಒಂದು ದೊಡ್ಡ ಗುಂಡಿಗೆ ಬಿದ್ದು ಎದ್ದಿತು, ಹಿಂದೆ ಸೀಸೆಗಳು ಕಿಣಿಗುಟ್ಟಿದವು. ಎರಡು ತಿರುವು ಕಳೆದಿರಬೇಕು, ಬಹೀಜಾ ಮೂಗು ಅರಳಿಸಿದಳು. ಉಣ್ಣೆ ಸುಟ್ಟ ವಾಸನೆ ಎಂದಳು. ಬ್ರೇಕಿರಬಹುದೇ ಎಂದು ಅವನು ಯೋಚಿಸಿದ, ಆದರೆ ಏರಿನಲ್ಲಿ ಬ್ರೇಕು ಮುಟ್ಟಿರಲಿಲ್ಲ. ಹ್ಯಾಂಡ್‌ಬ್ರೇಕು ಇಳಿಸಿಯೇ ಇತ್ತು. ಮುಳ್ಳು ತನ್ನ ಜಾಗದಲ್ಲಿತ್ತು. ಉಣ್ಣೆ ಮಾತ್ರವೇ ಎಂದು ಕೇಳಿದ. ತಿರುಗಿ ನೋಡಿದರೆ ಅವಳ ಮುಖ ಬಿಳಿಚಿಕೊಂಡಿತ್ತು.

"ಬಹೀಜಾ, ಬೇರೆ ಏನಾದ್ರೂ ಇದ್ಯಾ ಅದ್ರಲ್ಲಿ? ಸರಿಯಾಗಿ ಹೇಳು."

"ಮೀನು," ಎಂದಳು, ತಪ್ಪು ಮಾಡಿದವರ ದನಿಯಲ್ಲಿ. "ಒಣಮೀನು ಕೆಂಡಕ್ಕೆ ಬಿದ್ದ ಹಾಗೆ."

ಕಾರು ರಸ್ತೆಯ ಅಂಚಿಗೆ ಹೋಗಿ ನಿಂತದ್ದು, ಮೊಂಜಿ ಕೀಲಿ ಕಿತ್ತದ್ದು, ಸುತ್ತಿ ಬಂದು ಅವಳ ಬಾಗಿಲು ತೆಗೆದದ್ದು ಎಲ್ಲ ಒಂದೇ ಉಸಿರಿನಲ್ಲಿ ಆಯಿತು. ಅವಳು ಏನೋ ಹೇಳಲು ಬಾಯಿ ತೆರೆದಳು. ಅವನು ಕೇಳಿಸಿಕೊಳ್ಳದೆ ರಟ್ಟೆ ಹಿಡಿದು ಎಳೆದುಕೊಂಡೇ ದಿಬ್ಬ ಹತ್ತಿಸಿದ. ದೊಡ್ಡ ಬಂಡೆಯೊಂದರ ಹಿಂದೆ ಅವಳನ್ನು ಕೂರಿಸಿ, ಬ್ಯಾಟರಿ ವೈರು ಬಿಚ್ಚುತ್ತೇನೆಂದು ತಿರುಗಿದ. ಅವಳು ಅವನ ಕೋಟಿನ ಚುಂಗನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಬಿಡು. ಮೀನು ವಾಸನೆ ಅಂದ್ರೆ ವೈರು. ಹತ್ಕೊಂಡ್ರೆ ಇಡೀ ಗಾಡಿ ಹೋಗುತ್ತೆ."

"ಅದು ವೈರಲ್ಲ, ಕೇಳಿ."

"ನಿಂಗೇನು ಗೊತ್ತು?"

"ಇದನ್ನೇ ನಾನು ಕೇಳ್ಬೇಕು. ನಿಮಗೇನು ಗೊತ್ತಾಗ್ತಿದೆ? ಗಾಳಿ ನೇರ ನಮ್ಮ ಮುಖಕ್ಕೇ ಬೀಸ್ತಿದೆ, ಇಡೀ ಗುಡ್ಡ ನಾರ್ತಿದೆ. ಉಣ್ಣೆ ಅಂತ ನಾನು ಹೇಳ್ಬೇಕು, ಮೀನು ಅಂತ ನಾನು ಹೇಳ್ಬೇಕು. ನಿಮ್ಮ ಮೂಗು ಏನ್ ಮಾಡ್ತಿದೆ?"

ಗಾಳಿ ನಿಜಕ್ಕೂ ಕಾರಿನ ಕಡೆಯಿಂದಲೇ ಬರುತ್ತಿತ್ತು. ಕಾರಿನ ಹೊಟ್ಟೆಯ ಕೆಳಗಿನಿಂದ ಒಂದು ಸಣ್ಣ ಹೊಗೆಯ ಎಳೆ ಕಾಣುತ್ತಿತ್ತು. ಮೊಂಜಿ ಎದೆ ತುಂಬ ಉಸಿರೆಳೆದ. ಎರಡನೆಯ ಸಲವೂ ಎಳೆದ. ಬೆಟ್ಟದ ತಣ್ಣನೆಯ ಗಾಳಿ ಒಳಗೆ ಹೋಯಿತು, ಹೊರಗೆ ಬಂತು. ಅವನು ಬಂಡೆಗೆ ಒರಗಿ ಕೆಳಗೆ ಕೂತುಬಿಟ್ಟ.

"ನಂಗೇನೂ ಬರ್ತಿಲ್ಲ, ಬಹೀಜಾ. ಜ್ವರ ಬಂದಾಗಿಂದ ಏನೂ ಬರ್ತಿಲ್ಲ. ರೊಟ್ಟಿದಿಲ್ಲ, ಪೆಟ್ರೋಲ್‌ದಿಲ್ಲ. ನಿನ್ನ ಹೂನೀರಿಂದೂ ಇಲ್ಲ."

ಹೇಳಿದ ಮೇಲೆ ಅವನು ಅವಳ ಮುಖ ನೋಡಲಿಲ್ಲ. ತೂನಿಸಿನ ಡಾಕ್ಟರು, ಮುಂದಿನ ಸೀಟಿನ ಹಾಜ್ಜಾಗಳು, ಇಲ್ಲದ ಶೀತ, ಎಲ್ಲವನ್ನೂ ನೆಲ ನೋಡುತ್ತಲೇ ಹೇಳಿದ. ಬೈಗುಳಕ್ಕೆ ಅವನು ತಯಾರಾಗಿದ್ದ. ಅವಳು ಕೇಳಿದ್ದು ಬೇರೆಯೇ.

"ಹಾಗಾದ್ರೆ ಆ ಕಾಫಿ?"

"ಯಾವ ಕಾಫಿ?"

"ಈ ವರ್ಷದ ಮೊದಲ ಕಾಫಿ. ಅದಕ್ಕೆ ನಾನು ತಳ ಹಿಡಿದ ನೀರು ಹಾಕಿದ್ದೆ. ಬೇಕಂತಲೇ. ಚಳಿಗಾಲ ಪೂರ್ತಿ ನೀವು ಊಟದ ಬಗ್ಗೆ ಒಂದು ಮಾತಾಡಿರ್ಲಿಲ್ಲ, ಭಟ್ಟಿ ಹತ್ರ ಬಂದಿರ್ಲಿಲ್ಲ. ಇದನ್ನ ಕೊಟ್ರಾದ್ರೂ ಬೈತಾರೆ, ಮೊದಲನೇ ದಿನ ಬೈದ ಹಾಗೆ, ಅಂತ ಕಾದು ನಿಂತಿದ್ದೆ. ನೀವು ತುಂಬಾ ಚೆನ್ನಾಗಿದೆ ಅಂದ್ರಿ. ಈ ಮನುಷ್ಯನಿಗೆ ನಾನು ಸಾಕಾಗಿದ್ದೀನಿ, ಏನು ಕೊಟ್ರೂ ನುಂಗ್ತಾನೆ, ಅಂದ್ಕೊಂಡೆ. ಅವತ್ತು ರಾತ್ರಿ ನಿದ್ದೆ ಬರ್ಲಿಲ್ಲ ನಂಗೆ."

ಇಷ್ಟು ದಿನ ಮೊಂಜಿ ತಾನೊಬ್ಬನೇ ಹೊತ್ತು ತಿರುಗುತ್ತಿದ್ದೇನೆ ಎಂದುಕೊಂಡಿದ್ದ ಭಾರದ ಇನ್ನೊಂದು ತುದಿಯಲ್ಲಿ ಇವಳಿದ್ದಳು. ಅವನು ಅವಳ ಕೈ ಹಿಡಿದುಕೊಂಡ. ಹೂವು ಬಿಡಿಸಿ ಬಿಡಿಸಿ ಒರಟಾದ ಕೈ.

"ಹೆದರಿಕೆ ಆಯ್ತು. ನೀನು ನನ್ನ ಮದುವೆ ಆಗಿದ್ದೇ ಈ ಮೂಗಿಗಾಗಿ."

"ಮೂಗಿಗಾಗಿ ಆಗಿದ್ರೆ ಒಂದು ಬೇಟೆನಾಯಿ ಸಾಕ್ಕೋತಿದ್ದೆ," ಎಂದಳು ಬಹೀಜಾ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ. "ಅದು ಗೊರಕೆನಾದ್ರೂ ಹೊಡೀತಿರ್ಲಿಲ್ಲ. ಇಡೀ ಕಾರಲ್ಲಿ ಎಲ್ಲರೂ ಮಾಷಾಅಲ್ಲಾಹ್ ಅಂತಿದ್ರು, ನೀವೊಬ್ರೇ ನಿಜ ಹೇಳಿದ್ರಿ. ಅದಕ್ಕೆ ಆಗಿದ್ದು. ಮೂಗು ಹೋಯ್ತು, ಸರಿ. ನಿಜ ಹೇಳೋ ಬಾಯಿ ಎಲ್ಲಿಗೆ ಹೋಗಿತ್ತು?"

ಮೊಂಜಿ ತಲೆ ತಗ್ಗಿಸಿದ. ಆಗಲೇ ಅವನಿಗೆ ಹೊಗೆಯ ನೆನಪಾಗಿ ಮತ್ತೆ ಏಳಲು ಹೋದ. ಬಹೀಜಾ ಮತ್ತೆ ಕೋಟು ಹಿಡಿದೆಳೆದಳು. ಈಗ ಅವಳ ಮುಖ ಕೆಂಪಾಗಿತ್ತು. ನಿಜ ಹೇಳುವ ಸರದಿ ತನಗೂ ಬಂದಿದೆ, ನಗಬಾರದು ಎಂದು ಮೊದಲೇ ಕರಾರು ಹಾಕಿದಳು.

ಸಂಗತಿ ಇಷ್ಟು. ಗಂಡ ಹೀಗೆ ಮಂಕಾದದ್ದಕ್ಕೆ ಅವಳಿಗೆ ಎರಡು ಕಾರಣ ತೋಚಿದ್ದವು. ಒಂದು, ತನ್ನ ಮೇಲೆ ಬೇಸರ. ಎರಡು, ನಿಲ್ದಾಣದವರ ಕೆಟ್ಟ ದೃಷ್ಟಿ. ಮೊದಲನೆಯದಕ್ಕೆ ಮದ್ದಿಲ್ಲ, ಎರಡನೆಯದಕ್ಕೆ ಇದೆ, ದೃಷ್ಟಿ ತಾಗದಿರಲೆಂದು ಆ ಕಡೆ ಮೀನು ಕಟ್ಟುತ್ತಾರೆ. ಹಿಂದೆ ಅವನ ಅಕ್ಕ ಕಾರಿನ ಕನ್ನಡಿಗೆ ನೇತುಹಾಕಿದ್ದ ದೃಷ್ಟಿಮೀನನ್ನು ಅವನು, ರಸ್ತೆ ಕಾಣುವುದಿಲ್ಲ ಎಂದು ಕಿತ್ತು ಎಸೆದಿದ್ದ. ಹಾಗಾಗಿ ಕಾಣುವ ಕಡೆ ಕಟ್ಟುವಂತಿರಲಿಲ್ಲ. ಬಹೀಜಾ ಕೆಲಿಬಿಯಾದ ಮೀನುಗಾರರಿಂದ ದೊಡ್ಡ ಮೀನಿನ ಒಣಗಿದ ಬಾಲ ತರಿಸಿದಳು. ಕೆಂಪು ಉಣ್ಣೆಯ ದಾರ ಸುತ್ತಿದಳು. ಅವನು ಬೆಳಗಿನ ನಮಾಜಿಗೆ ಹೋದಾಗ ಅಂಗಾತ ಮಲಗಿ ಕಾರಿನ ಕೆಳಗೆ ತೆವಳಿಕೊಂಡು ಹೋಗಿ, ಯಾರ ಕಣ್ಣಿಗೂ ಬೀಳದ ಜಾಗದಲ್ಲಿ, ಒಂದು ಕಬ್ಬಿಣದ ಪಟ್ಟಿಗೆ ಬಿಗಿದಳು. ಮೀನು ನಿನ್ನ ಮೇಲಿರಲಿ ಎಂದು ಕಾರಿಗೆ ಹೇಳಿ, ಬೆನ್ನಿನ ಮಣ್ಣಿಗೆ ಒಂದು ಸುಳ್ಳು ಯೋಚಿಸುತ್ತ ಹೊರಗೆ ಬಂದಳು. ಅದು ಹೊಗೆಕೊಳವೆಯ ಪಕ್ಕದ ಪಟ್ಟಿ ಎಂದು ಅವಳಿಗೆ ಹೇಗೆ ಗೊತ್ತಿರಬೇಕು?

ಮೊಂಜಿ ಕರಾರು ಮುರಿದ. ನಗು ಅವನ ಹೊಟ್ಟೆಯಿಂದ ಬಂತು, ಬಂಡೆಗೆ ಒರಗಿಯೇ ಹೊರಳಾಡಿ ನಕ್ಕ. ಈ ವಯಸ್ಸಿನಲ್ಲಿ ಈ ಹೆಂಗಸು ತನಗಾಗಿ ಕತ್ತಲಲ್ಲಿ ಕಾರಿನ ಕೆಳಗೆ ಮಲಗಿದ್ದಳು ಎಂಬುದು ನಗುತ್ತಿರುವಾಗಲೇ ತಟ್ಟಿ, ಕೊನೆಗೆ ಅವನ ಕಣ್ಣಲ್ಲಿ ನೀರು ನಿಂತಿತು. ಮೊದಲು ಮುನಿಸಿಕೊಂಡು ಕೂತಿದ್ದ ಬಹೀಜಾ ಆಮೇಲೆ ತಾನೂ ನಕ್ಕಳು.

ಇಬ್ಬರೂ ಕೆಳಗಿಳಿದು ಬಂದರು. ಮೊಂಜಿ ಬಗ್ಗಿ ನೋಡಿದ. ಗುಂಡಿಗೆ ಬಿದ್ದಾಗ ಗಂಟು ಸಡಿಲವಾಗಿ ಬಾಲ ನೇರ ಬಿಸಿ ಕೊಳವೆಯ ಮೇಲೆ ಕೂತಿತ್ತು. ದಾರ ಅರ್ಧ ಸುಟ್ಟುಹೋಗಿತ್ತು. ಕೋಲಿನಿಂದ ಅದನ್ನು ಕೆಡವಿ, ಕೊಳವೆಗೆ ಅಂಟಿದ್ದನ್ನು ಕೆರೆದು, ನೀರು ಸುರಿದ. ಕಾರಿಗೆ ಏನೂ ಆಗಿರಲಿಲ್ಲ. ಕರಕಲಾದ ಬಾಲವನ್ನು ಅವನು ಪೊದೆಗೆ ಎಸೆಯಲು ಹೋದಾಗ ಬಹೀಜಾ ತಡೆದು, ಕಾಗದದಲ್ಲಿ ಸುತ್ತಿ ಚೀಲದಲ್ಲಿಟ್ಟುಕೊಂಡಳು.

"ನಗ್ತಿದ್ರಲ್ಲ. ಅದು ಸುಡದೇ ಇದ್ದಿದ್ರೆ ನಿಮ್ಮ ಬಾಯಿಂದ ಆ ಮಾತು ಈ ಜನ್ಮದಲ್ಲಿ ಬರ್ತಿತ್ತಾ? ಕೆಲಸ ಮಾಡಿದೆ ಅದು."

ಯೋಚಿಸಿ ನೋಡಿದರೆ ಅವಳು ಹೇಳಿದ್ದರಲ್ಲಿ ತಪ್ಪು ಹುಡುಕುವುದು ಕಷ್ಟವಿತ್ತು.

ಮತ್ತೆ ಹೊರಟಾಗ ಏರು ಕಡಿದಾಗಿತ್ತು. ಈಗ ಅವನು ಮುಚ್ಚುಮರೆಯಿಲ್ಲದೆ ಕೇಳುತ್ತಿದ್ದ, ಅವಳು ಮುಚ್ಚುಮರೆಯಿಲ್ಲದೆ ಮೂಸುತ್ತಿದ್ದಳು. ಸ್ವಲ್ಪ ಹೊತ್ತಿನಲ್ಲಿ, ಕಾಗದ ಸುಟ್ಟ ಹಾಗೆ, ಕ್ಯಾಲೆಂಡರಿನ ಹಾಳೆ ಒಲೆಗೆ ಬಿದ್ದ ಹಾಗೆ ಎಂದಳು. ಜಾಸ್ತಿಯೇನಿಲ್ಲ, ಬಂದು ಹೋಗುತ್ತಿದೆ ಎಂದಳು. ಮೊಂಜಿಗೆ ಅದು ಕ್ಲಚ್ಚೆಂದು ತಕ್ಷಣ ಹೊಳೆಯಿತು. ಕೆಳಗೆ ನೋಡಿಕೊಂಡರೆ, ಅವನ ಎಡಗಾಲು ಕ್ಲಚ್ಚಿನ ಪೆಡಲ್ಲಿನ ಮೇಲೆಯೇ ಇತ್ತು, ಒತ್ತಿಯೂ ಒತ್ತದ ಹಾಗೆ. ಹೊಸದಾಗಿ ಕಲಿಯುವವರು ಮಾಡುವ ತಪ್ಪು. ಚಳಿಗಾಲದಿಂದಲೂ ಹೆದರಿ ಹೆದರಿ ಓಡಿಸುತ್ತ ಕಾಲಿಗೆ ಅದೇ ರೂಢಿಯಾಗಿರಬೇಕು. ಅವನು ಕಾಲು ತೆಗೆದು ಪಕ್ಕಕ್ಕಿಟ್ಟ. ಒಂದು ತಿರುವು ಹೋದ ಮೇಲೆ ವಾಸನೆ ನಿಂತಿತು ಎಂದು ಅವಳು ಹೇಳಿದಳು. ಏನಾಗಿತ್ತು ಎಂದು ಕೇಳಿದಳು.

"ನಾನೇ. ನನ್ನ ಕಾಲು."

ಅವಳು ಅವನ ಮೊಣಕಾಲಿನ ಮೇಲೆ ಮೆತ್ತಗೆ ತಟ್ಟಿ ಕೈಯನ್ನು ಅಲ್ಲೇ ಬಿಟ್ಟಳು. ನಿಲ್ದಾಣದವರಿಗೆ ನಾಳೆ ಹೋದ ಕೂಡಲೇ ಹೇಳುತ್ತೇನೆಂದು ಅವನು ಹೇಳಿದ. ಹೇಳಿ, ಕಾರು ಓಡಿಸುವುದು ಮೂಗಲ್ಲ ಎಂದಳು ಅವಳು. ಮುಳ್ಳು ನೋಡಿ, ಸದ್ದು ಕೇಳಿ, ದಿನಾ ಬಾನೆಟ್ಟು ಎತ್ತಿ ನೋಡಿ, ಉಳಿದವರೆಲ್ಲ ಹಾಗೇ ತಾನೇ ಬದುಕುತ್ತಿರುವುದು. ಮುಂದೆ ಕೂತವರನ್ನು ಕೇಳುವುದಿದ್ದರೆ ಸುಳ್ಳು ಶೀತ ಬೇಡ, ನಿಜ ಹೇಳಿಯೇ ಕೇಳಿ. ಹೂವಿನ ಕಾಲ ಮುಗಿದ ಮೇಲೆ ಬೇಕಾದರೆ ನಾನೇ ಬಂದು ಕೂರುತ್ತೇನೆ, ಕೈರುವಾನಿನಲ್ಲಿ ನನಗೂ ಗಿರಾಕಿಗಳಿದ್ದಾರೆ.

ಮಕ್ತಾರಿನಲ್ಲಿ ಮನೆ ತುಂಬ ಹೆಂಗಸರಿದ್ದರು. ಸಿಹೇಮಳ ಅತ್ತೆ ಬೀಗಿತ್ತಿಯನ್ನು ಅಪ್ಪಿಕೊಂಡು, ಬೀಗರಿಗೆ ದಿಂಬು ಹಾಕಿ ಕೂರಿಸಿದರು. ಜ್ರೀರ್ ಬಟ್ಟಲುಗಳು ಸುತ್ತು ಬಂದವು. ಬಿಳಿ ಬಟ್ಟೆಯಲ್ಲಿ ಸುತ್ತಿದ ಮಗು ಕೈಯಿಂದ ಕೈಗೆ ಹೋಗುತ್ತಿತ್ತು. ಎತ್ತಿಕೊಂಡವರೆಲ್ಲ ಅದರ ನೆತ್ತಿಗೆ ಮೂಗು ಒತ್ತಿ, ಕಣ್ಣುಮುಚ್ಚಿ, ಮಾಷಾಅಲ್ಲಾಹ್ ಎನ್ನುತ್ತಿದ್ದರು. ಮೊಂಜಿ ಬಾಗಿಲ ಹತ್ತಿರ ಮೂಲೆಯಲ್ಲಿ ಕೂತಿದ್ದ. ಸಿಹೇಮ್ ಅವನನ್ನು ಕಂಡು ಮಗುವನ್ನು ಅವನ ಕಡೆಗೆ ಕಳಿಸಿದಳು.

"ಮೊಂಜಿ ಚಿಕ್ಕಪ್ಪ, ನಿಮ್ಮ ಮೂಗಿಗೆ ಕೊಡ್ಬೇಕು ಮೊದ್ಲು. ನೋಡಿ ಹೇಳಿ, ಹೇಗಿದ್ದಾಳೆ ನನ್ನ ಮಗಳು?"

ಎಲ್ಲರೂ ನಕ್ಕು ಅವನ ಕಡೆ ತಿರುಗಿದರು. ಮಗು ರೊಟ್ಟಿಯಷ್ಟು ಬೆಚ್ಚಗಿತ್ತು. ಅವನು ರೂಢಿಯಂತೆ ಬಗ್ಗಿ ಅದರ ನೆತ್ತಿಗೆ ಮೂಗು ತಾಗಿಸಿದ. ಬೆಚ್ಚಗಿನ ಚರ್ಮ, ರೇಷ್ಮೆಯಂಥ ಕೂದಲು, ಅದರ ಕೆಳಗೆ ಮೆತ್ತಗೆ ಬಡಿಯುವ ನೆತ್ತಿ. ವಾಸನೆಯಿಲ್ಲ. ಜಗತ್ತಿನಲ್ಲಿ ಇದೊಂದನ್ನಾದರೂ ದೇವರು ಕೊಡಬಾರದಿತ್ತೇ ಎಂದು ಅವನಿಗೆ ಅಳು ಬಂತು. ತುಂಬಾ ಚೆನ್ನಾಗಿದೆ ಎಂಬ ಹಳೆಯ ಸುಳ್ಳು ತುಟಿಯವರೆಗೆ ಬಂತು. ಅವನು ಅದನ್ನು ಹೇಳಲಿಲ್ಲ. ತಲೆಯೆತ್ತಿ ಬಹೀಜಾಳನ್ನು ಹುಡುಕಿದ.

ಅವಳು ಬಟ್ಟಲು ಕೆಳಗಿಟ್ಟು, ಹೆಂಗಸರ ನಡುವಿನಿಂದ ಎದ್ದು ಬಂದು ಅವನ ಪಕ್ಕ ಕೂತಳು. ಮಗುವಿನ ನೆತ್ತಿಯನ್ನು ನಿಧಾನವಾಗಿ, ಕಣ್ಣುಮುಚ್ಚಿ ಮೂಸಿದಳು. ಅವನಿಗೆ ತಿಳಿಯುವ ಮಾತಿಗಾಗಿ ಸ್ವಲ್ಪ ಹುಡುಕಿದಳು. ಆಮೇಲೆ ಬೇರೆ ಯಾರಿಗೂ ಕೇಳಿಸದ ಹಾಗೆ ಅವನ ಕಿವಿಯಲ್ಲಿ ಹೇಳಿದಳು:

"ಬೆಳಗ್ಗೆ ಗಾಡಿ ಸ್ಟಾರ್ಟ್ ಮಾಡಿ ಬಾನೆಟ್ ಮೇಲೆ ಬಗ್ಗಿ ಮೂಸ್ತಿದ್ರಲ್ಲ ನೀವು. ಕೆಲವು ದಿನ ಏನೂ ಹೇಳ್ದೆ, ಸುಮ್ನೆ ನಗ್ತಾ ಒಳಗೆ ಬಂದು ಕಾಫಿ ಕೇಳ್ತಿದ್ರಿ. ಹಾಗಿದೆ. ಎಲ್ಲೂ ಏನೂ ಸುಡ್ತಿಲ್ಲ."

ಮೊಂಜಿ ಮಗುವನ್ನು ಎದೆಗೆ ಇನ್ನಷ್ಟು ಹತ್ತಿರ ಹಿಡಿದುಕೊಂಡ. ಕೋಣೆಯವರೆಲ್ಲ ಅವನ ತೀರ್ಪಿಗಾಗಿ ಕಾಯುತ್ತಿದ್ದರು. ಅವನು ಸಿಹೇಮಳ ಕಡೆ ನೋಡಿ, ತನ್ನ ಮೂಗು ಚಳಿಗಾಲದಲ್ಲೇ ಹೋಯಿತೆಂದೂ, ಆದರೆ ಅವಳ ಅಮ್ಮನನ್ನು ಕೇಳಿ ಈಗತಾನೇ ತಿಳಿದುಕೊಂಡೆನೆಂದೂ, ಮಗು ಚೆನ್ನಾಗಿದ್ದಾಳೆಂದೂ ಹೇಳಿದ.